ಮೋಲಿ ಹಂಟರ್ ಯಾರು? ಅವರ ಯಾವ ಪುಸ್ತಕದಿಂದ ಓದು ಶುರುಮಾಡಬಹುದು?

ಸ್ಕಾಟ್‌ಲೆಂಡಿನ ಮಕ್ಕಳ ಕಾದಂಬರಿಕಾರ್ತಿ (1922–2012). ಹುಟ್ಟಿದ್ದು ಈಸ್ಟ್ ಲೋಥಿಯನ್‌ನ ಲಾಂಗ್‌ನಿಡ್ರಿಯಲ್ಲಿ. ತಂದೆ ಬೇಗ ತೀರಿಕೊಂಡರು. 14ಕ್ಕೇ ಶಾಲೆ ಬಿಟ್ಟು ಎಡಿನ್‌ಬರೋದ ಹೂವಿನಂಗಡಿಯಲ್ಲಿ ಕೆಲಸಕ್ಕೆ ನಿಂತರು. ತಂದೆಯ ಆ ಅಗಲಿಕೆಯೇ 1972ರ ಕಾದಂಬರಿ ‘ಎ ಸೌಂಡ್ ಆಫ್ ಚಾರಿಯಟ್ಸ್’ನ ಜೀವಾಳ. ಮೊದಲ ಪುಸ್ತಕ ಬಂದದ್ದು 1963ರಲ್ಲಿ.

ಶುರುವಿಗೆ ನನ್ನ ಆಯ್ಕೆ, ಬ್ರಿಟನ್ನಿನ ಮಕ್ಕಳ ಪುಸ್ತಕ ಪ್ರಶಸ್ತಿಯಾದ ಕಾರ್ನೆಗಿ ಪದಕವನ್ನು 1974ಕ್ಕೆ ಗೆದ್ದ ‘ದಿ ಸ್ಟ್ರಾಂಗ್‌ಹೋಲ್ಡ್’. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಇಂದಿಗೂ ‘ಬ್ರಾಖ್’ ಎಂಬ ದುಂಡನೆಯ ಕಲ್ಲುಗೋಪುರಗಳ ಅವಶೇಷಗಳಿವೆ: ಗಾರೆಯಿಲ್ಲದೆ ಕಟ್ಟಿದ ಜೋಡಿಗೋಡೆ, ನಡುವಿನ ಸಂದಿಯಲ್ಲಿ ಮೆಟ್ಟಿಲು. ಇದನ್ನು ಮೊದಲು ಯೋಚಿಸಿದವರು ಯಾರೆಂದು ಇತಿಹಾಸ ಹೇಳುವುದಿಲ್ಲ. ಹಂಟರ್ ಆ ಜಾಗದಲ್ಲಿ ಕೋಲ್ ಎಂಬ ಕುಂಟು ಹುಡುಗನನ್ನು ನಿಲ್ಲಿಸುತ್ತಾರೆ. ಗುಲಾಮರಿಗಾಗಿ ದಾಳಿಯಿಡುವ ರೋಮನ್ನರಿಂದ ತನ್ನವರನ್ನು ಉಳಿಸಲು ಅವನು ಇಂಥ ಗೋಪುರದ ವಿನ್ಯಾಸ ಯೋಚಿಸುತ್ತಾನೆ. ಇಷ್ಟು ಗಟ್ಟಿ ಕಲ್ಪನೆ ಮಕ್ಕಳ ಐತಿಹಾಸಿಕ ಕಾದಂಬರಿಗಳಲ್ಲಿ ಅಪರೂಪ.

ಮಾಯಾಲೋಕ ಬೇಕೆಂದರೆ ‘ಎ ಸ್ಟ್ರೇಂಜರ್ ಕೇಮ್ ಅಶೋರ್’ (1975). ಶೆಟ್‌ಲೆಂಡ್ ದ್ವೀಪದ ಕರಾವಳಿಗೆ ಬಂದ ಅಪರಿಚಿತ, ಮನುಷ್ಯರೂಪದ ಸೀಲ್ (ಕಡಲನಾಯಿ) ಇರಬಹುದೇ ಎಂಬ ಅನುಮಾನವೇ ಕಥೆ.

ಕೊಳ್ಳುವಾಗ ಎಚ್ಚರ: ಬ್ರಿಟನ್ನಿನಲ್ಲಿ ಬಂದ ಅವರ ‘ದಿ ಬೋಡಖ್’ ಪುಸ್ತಕ ಅಮೆರಿಕದಲ್ಲಿ ‘ದಿ ವಾಕಿಂಗ್ ಸ್ಟೋನ್ಸ್’ ಆಗಿದೆ, ಎರಡೂ ಒಂದೇ.