ವಾದ್ಯ ದುರಸ್ತಿ – ಓದುಗರ ಪ್ರಶ್ನೆ: ಈ ಗಿಟಾರ್ ಪಿಕಪ್ ಎಲ್ಲಿಯದು, ಯಾವಾಗಿನದು?

ಪ್ರಶ್ನೆ: ತೀರಿಹೋದ ನಮ್ಮ ಸೋದರಮಾವನ ಡಬ್ಬಿಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಒಂದು ಪಿಕಪ್, ಅಂದರೆ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಸಿಕ್ಕಿದೆ. ಗಿಟಾರ್ ಏನಾಯಿತೋ ಯಾರಿಗೂ ಗೊತ್ತಿಲ್ಲ. ಮಂಕಾದ ಲೋಹದ ಮುಚ್ಚಳ, ಅದರ ಒಂದು ಬದಿಯಲ್ಲಿ ಸಾಲಾಗಿ ಆರು ಸ್ಕ್ರೂಗಳು. ತಳದಲ್ಲಿ ಸಣ್ಣ ಕಪ್ಪು ಚೀಟಿ, ಅದರ ಮೇಲೆ ಪೇಟೆಂಟ್ ಸಂಖ್ಯೆ 2,737,842. ಲೋಹದ ಜಾಲರಿ ಹೊದ್ದ ತಂತಿಯ ತುದಿಗೆ ವಾಲ್ಯೂಮ್ ಪಾಟ್ (ಸದ್ದು ಏರಿಳಿಸಲು ತಿರುಗಿಸುವ ಬಿಡಿಭಾಗ) ಇನ್ನೂ ಬೆಸೆದುಕೊಂಡೇ ಇದೆ; ಅದರ ಬೆನ್ನಿನಲ್ಲಿ 1376718 ಎಂದು ಒತ್ತಿದ್ದಾರೆ. ಮಲ್ಟಿಮೀಟರಿನಲ್ಲಿ 7.6 ಕಿಲೋ ಓಮ್ ಬರುತ್ತದೆ. ಇದು 1959ರ ಗಿಬ್ಸನ್ ಪಿಕಪ್ ಎಂದು ಮಾವ ಹೇಳುತ್ತಿದ್ದರು. ಆದರೆ ಆ ಪೇಟೆಂಟನ್ನು ಹುಡುಕಿ ನೋಡಿದರೆ ಅದು ಪಿಕಪ್ಪಿಗೆ ಸಂಬಂಧಿಸಿದ್ದೇ ಅಲ್ಲ, ಗಿಟಾರಿನ ತಂತಿಗಳನ್ನು ಸಿಕ್ಕಿಸುವ ಟೇಲ್‌ಪೀಸಿನದು. ಹಾಗಾದರೆ ಇದು ನಕಲಿಯೇ? ಮುಚ್ಚಳ ಬಿಚ್ಚಿ ಒಳಗೆ ನೋಡಬಹುದೇ?

ಉತ್ತರ: ಮೊದಲು ಕೊನೆಯ ಪ್ರಶ್ನೆ. ದಯವಿಟ್ಟು ಬಿಚ್ಚಬೇಡಿ. ಬೆಸುಗೆ ಕಡ್ಡಿ ಕೈಯಲ್ಲಿದ್ದರೆ ಕೆಳಗಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಪೇಟೆಂಟ್ ವಿಷಯದಲ್ಲಿ ನೀವು ಹುಡುಕಿದ್ದು ಸರಿ, ತೀರ್ಮಾನ ಮಾತ್ರ ಸರಿಯಲ್ಲ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ವಿದ್ಯುತ್ ಜಾಲದಿಂದ ಬರುವ ಗುಂಯ್ ಸದ್ದನ್ನು ಅಡಗಿಸುವ ಈ ಬಗೆಯ ಪಿಕಪ್ಪಿಗೆ ಹಂಬಕರ್ ಎನ್ನುತ್ತಾರೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಇದಕ್ಕಾಗಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮಂಜೂರಾದದ್ದು 1959ರಲ್ಲಿ, ಸಂಖ್ಯೆ 2,896,491. ನಿಮ್ಮ ಚೀಟಿಯಲ್ಲಿರುವುದು ಗಿಟಾರ್ ವಾದಕ ಲೆಸ್ ಪಾಲ್ ಅವರ ಟೇಲ್‌ಪೀಸಿಗೆ 1956ರಲ್ಲಿ ದೊರೆತ ಸಂಖ್ಯೆ. ಗಿಬ್ಸನ್ ತಾನೇ ವರ್ಷಗಟ್ಟಲೆ ತನ್ನ ಪಿಕಪ್ಪುಗಳ ತಳಕ್ಕೆ ಈ ಬೇರೆ ಸಂಖ್ಯೆಯನ್ನೇ ಅಂಟಿಸುತ್ತಾ ಬಂತು. ಪಿಕಪ್ ಹೇಗೆ ಮಾಡುತ್ತಾರೆಂದು ಪ್ರತಿಸ್ಪರ್ಧಿಗಳು ಹುಡುಕಿದರೆ ಅವರಿಗೆ ಟೇಲ್‌ಪೀಸ್ ಸಿಗಲಿ ಎಂಬ ಉಪಾಯವಿದು ಎಂಬ ಮಾತು ಈ ಕಸುಬಿನವರಲ್ಲಿ ಹಿಂದಿನಿಂದಲೂ ಇದೆ. ಏನೇ ಇರಲಿ, ಸಂಖ್ಯೆ ಹೊಂದುತ್ತಿಲ್ಲ ಎಂಬುದು ನಿಮ್ಮ ಪಿಕಪ್ಪಿನ ದೋಷವಲ್ಲ. ಅಸಲಿ ಚೀಟಿಯಲ್ಲಿ ಇರಬೇಕಾದದ್ದೇ ಆ ಸಂಖ್ಯೆ.

ಆದರೆ ಅದೇ ಸಂಖ್ಯೆ ಮಾವನ ಮಾತನ್ನು ಒಪ್ಪುವುದಿಲ್ಲ. 1957ರಿಂದ ಸುಮಾರು 1962ರವರೆಗಿನ ಪಿಕಪ್ಪುಗಳ ಚೀಟಿಯಲ್ಲಿ ಸಂಖ್ಯೆಯೇ ಇರಲಿಲ್ಲ. ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ ಎಂಬರ್ಥದ ಇಂಗ್ಲಿಷ್ ಸಾಲು ಮಾತ್ರ ಇತ್ತು. ಆ ಸಾಲಿನ ಮೊದಲಕ್ಷರಗಳಿಂದಲೇ ಅವಕ್ಕೆ ಪಿಎಎಫ್ ಎಂಬ ಹೆಸರು ಬಿದ್ದದ್ದು, ಇಂದು ಸಂಗ್ರಾಹಕರು ಮುಗಿಬೀಳುವುದೂ ಅವಕ್ಕೇ. ಸಂಖ್ಯೆಯ ಚೀಟಿ ಅದರ ನಂತರದ್ದು.

ಚೀಟಿಯನ್ನು ನಾನು ಇಲ್ಲಿಗೇ ಬಿಡುತ್ತೇನೆ. ಪಿಕಪ್ಪಿನಲ್ಲಿ ಅತಿ ಸುಲಭವಾಗಿ ನಕಲು ಮಾಡಬಹುದಾದ ಭಾಗ ಅದೊಂದೇ. ಹಾಗೆಯೇ ಕಾಣುವ ಹೊಸ ಚೀಟಿಗಳು ಬಿಡಿಯಾಗಿ ಸಿಗುತ್ತವೆ. ಯಾರೂ ನಕಲು ಮಾಡಲು ಹೋಗದ ಜಾಗಗಳನ್ನು ನೋಡಬೇಕು. ನಿಮ್ಮ ಅದೃಷ್ಟಕ್ಕೆ ಅಂಥದ್ದೊಂದು ತಂತಿಯ ತುದಿಯಲ್ಲೇ ನೇತಾಡುತ್ತಿದೆ.

ಪಾಟಿನ ಬೆನ್ನಿನ ಸಂಖ್ಯೆಯನ್ನು ಬಿಡಿಸಿ ಓದೋಣ. ಅಮೆರಿಕದ ಬಿಡಿಭಾಗ ತಯಾರಕರಿಗೆ ಒಬ್ಬೊಬ್ಬರಿಗೆ ಒಂದೊಂದು ಸಂಕೇತವಿತ್ತು. 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್, 134 ಎಂದರೆ ಸೆಂಟ್ರಲ್ಯಾಬ್. ನಂತರದ ಅಂಕಿಗಳು ವರ್ಷ ಮತ್ತು ವಾರ. ಅಂದರೆ ನಿಮ್ಮ ಪಾಟ್ ಸಿಟಿಎಸ್ ತಯಾರಿಕೆ, 1967ರ 18ನೇ ವಾರ, ಮೇ ತಿಂಗಳ ಆರಂಭ. ಪಾಟ್ ತಯಾರಾದ ದಿನವೇ ಗಿಟಾರೂ ತಯಾರಾಯಿತು ಎಂದಲ್ಲ. 1966ರಲ್ಲಿ ಫೆಂಡರ್ ಕಂಪನಿ ರಾಶಿಗಟ್ಟಲೆ ಪಾಟ್ ಕೊಂಡಿತ್ತು. ಅವು ಆ ದಶಕದ ಕೊನೆಯವರೆಗಿನ ಗಿಟಾರುಗಳಲ್ಲೂ ಕಾಣಸಿಗುತ್ತವೆ. ಆದ್ದರಿಂದ ಪಾಟ್ ಹೇಳುವುದು ಇಷ್ಟೇ: ಇದಕ್ಕಿಂತ ಮೊದಲಿನದಲ್ಲ.

ಇದೂ ನಿಲ್ಲಬೇಕಾದರೆ ಪಾಟಿಗೆ ಅಂಟಿದ ಬೆಸುಗೆ ಮೂಲದ್ದಾಗಿರಬೇಕು. ನೀವು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಜಾಲರಿಯನ್ನು ಪಾಟಿನ ಬೆನ್ನಿಗೆ ಒಂದೇ ಬಾರಿಗೆ ಬೆಸೆದಿದ್ದಾರೆ. ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಮಂಕಾಗಿದೆ, ಸುತ್ತಲಿನ ರಾಳದ ಕಲೆಯೂ ಒಂದೇ ಬಣ್ಣದ್ದು. ಮೇಲೆ ಹೊಸ ಬೆಸುಗೆ ಬಿದ್ದಿದ್ದರೆ ಹೊಳಪಿನ ಅಂಚೊಂದು ಕಾಣುತ್ತಿತ್ತು. ಪಿಕಪ್ ತಳದ ಅಂಚಿನಲ್ಲಿ ಮುಚ್ಚಳವನ್ನು ಹಿಡಿದಿರುವ ಎರಡು ಬೆಸುಗೆಗಳೂ ಹಾಗೆಯೇ ಇವೆ. ಬಿಚ್ಚಬೇಡಿ ಎಂದದ್ದು ಇದಕ್ಕೇ. ಯಾರೂ ಮುಟ್ಟದ ಆ ಎರಡು ಬೆಸುಗೆಗಳೇ ಒಳಗಿನದು ಬದಲಾಗಿಲ್ಲ ಎಂಬುದಕ್ಕೆ ಪುರಾವೆ. ಒಮ್ಮೆ ಕರಗಿಸಿದರೆ ಎಷ್ಟೇ ಅಚ್ಚುಕಟ್ಟಾಗಿ ಮತ್ತೆ ಬೆಸೆದರೂ ಆ ಪುರಾವೆ ಹೋದದ್ದು ಹೋದದ್ದೇ. ಕಾವು ಹೆಚ್ಚಾದರೆ ಒಳಗೆ ಸುರುಳಿ ಸುತ್ತಿರುವ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುವ ಅಪಾಯ ಬೇರೆ.

ಇನ್ನೆರಡು ಕಡೆ ನೀವೇ ನೋಡಬಹುದು. ಮುಚ್ಚಳದ ಮೂಲೆಯಲ್ಲಿ ಲೇಪ ಸವೆದ ಜಾಗವಿದೆಯಲ್ಲ, ಅದನ್ನು ಹಗಲು ಬೆಳಕಿನಲ್ಲಿ ನೋಡಿ. ಗಿಬ್ಸನ್ ಬಳಸುತ್ತಿದ್ದದ್ದು ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ. ಅದು ಒಳಗೂ ಬೂದುಬಿಳುಪು. ಅಗ್ಗದ ನಕಲುಗಳಲ್ಲಿ ಲೇಪದಡಿ ಹಿತ್ತಾಳೆಯ ಹಳದಿ ಇಣುಕುತ್ತದೆ. ಎರಡನೆಯದು, ಆರು ಸ್ಕ್ರೂಗಳಲ್ಲಿ ಒಂದನ್ನು ಮೆಲ್ಲಗೆ ತಿರುಗಿಸಿ ತೆಗೆದು ಕ್ಯಾಲಿಪರಿನಲ್ಲಿ ಅಳೆಯಿರಿ. ಅಮೆರಿಕದ ಇಂಚಿನ ಅಳತೆಯದಾದರೆ ವ್ಯಾಸ ಸುಮಾರು 3.2 ಮಿಲಿಮೀಟರ್ ಇರುತ್ತದೆ. 1970ರ ದಶಕದಲ್ಲಿ ಜಪಾನಿನಲ್ಲಿ ಈ ವಿನ್ಯಾಸದ ಪಿಕಪ್ಪುಗಳು ಬಹಳ ತಯಾರಾದವು, ಕೆಲವಂತೂ ತುಂಬಾ ಚೆನ್ನಾಗಿವೆ. ಆದರೆ ಅವುಗಳ ಸ್ಕ್ರೂ ಸಾಮಾನ್ಯವಾಗಿ ಮೆಟ್ರಿಕ್, 3 ಮಿಲಿಮೀಟರಿನದು. ತೆಗೆದ ಸ್ಕ್ರೂವನ್ನು ಅದೇ ತೂತಿಗೆ ಹಾಕಿ, ಬಲಪ್ರಯೋಗ ಬೇಡ.

ಇನ್ನು 7.6 ಕಿಲೋ ಓಮ್. ಈ ಒಂದೇ ಅಂಕಿಯಿಂದ ವಯಸ್ಸು ಹೇಳುವವರನ್ನು ನಂಬಬೇಡಿ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 7.6 ತೋರಿಸಿದ ಸುರುಳಿ 35 ಡಿಗ್ರಿಯಲ್ಲಿ 8ನ್ನು ದಾಟುತ್ತದೆ, ಅದೇ ಪಿಕಪ್, ಅದೇ ಮೀಟರ್. ಪಾಟ್ ಸಮೇತ ಅಳೆದಿದ್ದೀರಾದ್ದರಿಂದ ನಿಜವಾದ ರೋಧ ನೂರು ಓಮಿನಷ್ಟು ಹೆಚ್ಚೇ ಇರಬೇಕು. ಆದರೂ ನಿಮ್ಮ ಅಂಕಿ ಮಿಕ್ಕದ್ದಕ್ಕೆ ಹೊಂದುತ್ತದೆ. ಪಿಎಎಫ್ ಕಾಲದಲ್ಲಿ ಸುತ್ತುವ ಯಂತ್ರವನ್ನು ಅಂದಾಜಿನ ಮೇಲೆ ನಿಲ್ಲಿಸುತ್ತಿದ್ದರು, ಹಾಗಾಗಿ 7ರಿಂದ 9 ಕಿಲೋ ಓಮಿನವರೆಗೂ ಸಿಗುತ್ತವೆ. 1960ರ ದಶಕದ ಕೊನೆಯ ಹೊತ್ತಿಗೆ ಸುತ್ತುಗಳ ಲೆಕ್ಕ ಬಿಗಿಯಾಗಿ, ಹೆಚ್ಚಿನವು 7.5ರ ಆಸುಪಾಸಿನಲ್ಲೇ ನಿಂತವು.

ಲೋಹ ಮತ್ತು ಸ್ಕ್ರೂ ಹೊಂದಿದರೆ ನನ್ನ ತೀರ್ಮಾನ ಇದು: ಮಿಷಿಗನ್‌ನ ಕಲಮಜೂನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಹಂಬಕರ್, 1967 ಅಥವಾ ತುಸು ಈಚಿನದು. ಈ ಕಾಲದ ಬಾಬಿನ್ನಿನ ನೆತ್ತಿಯಲ್ಲಿ ಇಂಗ್ಲಿಷಿನ ಟಿ ಅಕ್ಷರ ಅಚ್ಚಾಗಿರುತ್ತದೆ, ಟಿ-ಟಾಪ್ ಎಂದೇ ಕರೆಯುತ್ತಾರೆ. ಮಾವ ಹೇಳಿದ ವರ್ಷವಲ್ಲ ಎಂದು ಬೇಸರಪಡಬೇಡಿ. ಸ್ಪಷ್ಟವಾಗಿ, ಬಿಡಿಬಿಡಿಯಾಗಿ ನುಡಿಯುವ ಈ ಪಿಕಪ್ಪುಗಳನ್ನು ನಾನು ತುಂಬಾ ಇಷ್ಟಪಡುತ್ತೇನೆ; ಪಿಎಎಫ್‌ನ ನೆರಳಿನಲ್ಲಿ ಇವಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಪಾಟನ್ನು ಬೇರ್ಪಡಿಸದೆ ಒಟ್ಟಿಗೇ ಇಟ್ಟುಕೊಳ್ಳಿ.

ಪ್ರಶ್ನೆ: ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ ಮಾದರಿಯ ಹಳೆಯ ಪಿಕಪ್ ಒಂದಿದೆ. ಆರು ಅಯಸ್ಕಾಂತದ ಕಡ್ಡಿಗಳು ಏರುಪೇರಾಗಿವೆ, ತಳದ ಫೈಬರ್ ಹಲಗೆ ಬೂದು ಬಣ್ಣದ್ದು, ಸುರುಳಿಯ ಎಳೆ ಹೊನ್ನಿನ ಬಣ್ಣದ್ದು. ಮೀಟರ್ ಏನನ್ನೂ ತೋರಿಸುವುದಿಲ್ಲ. ಇದು ಮೂಲದ್ದೇ? ಮತ್ತೆ ಸುತ್ತಿಸಬಹುದೇ?

ಉತ್ತರ: ಏರುಪೇರು ಕಡ್ಡಿಗಳನ್ನು ಫೆಂಡರ್ 1974ರವರೆಗೆ ಬಳಸಿತು. ಬೂದು ತಳ 1964ರಿಂದೀಚೆಗೆ ಬಂತು, ಅದಕ್ಕೂ ಮೊದಲು ಕಪ್ಪು. ಆದರೆ ಹೊನ್ನಿನ ಬಣ್ಣದ ಫಾರ್ಮ್‌ವಾರ್ ಲೇಪದ ಎಳೆಯನ್ನು ಕಂಪನಿ ಬಿಟ್ಟದ್ದೂ ಅದೇ 1964ರ ಸುಮಾರಿಗೆ. ನಂತರದ್ದು ಕಡುಗೆಂಪು ಮಿಶ್ರಿತ ಕಂದು ಎನಾಮಲ್. ಬೂದು ತಳದ ಮೇಲೆ ಹೊನ್ನಿನ ಎಳೆ ಇದ್ದರೆ ಎರಡು ಸಾಧ್ಯತೆಗಳನ್ನು ಮೊದಲು ನೋಡಬೇಕು: ಯಾರೋ ಈಗಾಗಲೇ ಒಮ್ಮೆ ಸುತ್ತಿಸಿದ್ದಾರೆ, ಇಲ್ಲವೇ ಹಳೆಯ ಮಾದರಿಯಲ್ಲಿ ಈಚೆಗೆ ತಯಾರಾದದ್ದು. ತಳದಲ್ಲಿ ಕೈಬರಹದ ಅಥವಾ ಮೊಹರಿನ ದಿನಾಂಕ ಮಾಸಿಹೋಗಿರಬಹುದು, ಬೆಳಕನ್ನು ಓರೆಯಾಗಿ ಹಿಡಿದು ಹುಡುಕಿ.

ಸುತ್ತಿಸುವ ಮೊದಲು ಭೂತಗನ್ನಡಿ ಹಿಡಿದು ತಳದ ಎರಡು ಲೋಹದ ಕಣ್ಣುಗಳನ್ನು ನೋಡಿ. ಎಳೆಯ ದಪ್ಪ 0.063 ಮಿಲಿಮೀಟರ್ ಅಷ್ಟೇ. ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಹೊರತುದಿ ತುಂಡಾಗಿದ್ದರೆ ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಪಿಕಪ್ ಬದುಕುತ್ತದೆ. ಅಯಸ್ಕಾಂತಗಳನ್ನು ಒತ್ತಿ ಎತ್ತರ ಸರಿಪಡಿಸಲು ಮಾತ್ರ ಹೋಗಬೇಡಿ. ಈ ಪಿಕಪ್ಪಿನಲ್ಲಿ ಎಳೆಯನ್ನು ನೇರವಾಗಿ ಅಯಸ್ಕಾಂತಗಳ ಮೈಮೇಲೆಯೇ ಸುತ್ತಿರುತ್ತಾರೆ. ಕಡ್ಡಿ ಕೂದಲೆಳೆಯಷ್ಟು ಜರುಗಿದರೂ ಅತಿ ಒಳಗಿನ ಸುತ್ತು ಕತ್ತರಿಸಿಹೋಗುತ್ತದೆ, ಅದನ್ನು ತಲುಪಲು ಇಡೀ ಸುರುಳಿಯನ್ನು ಬಿಚ್ಚುವುದೊಂದೇ ದಾರಿ. ನಿಮ್ಮದೂ ಹೀಗೆಯೇ ಕೆಟ್ಟಿರಬಹುದು. ಸುತ್ತಿಸಲೇಬೇಕಾದರೆ, ಸುತ್ತು ಯಾವ ದಿಕ್ಕಿಗಿದೆ ಮತ್ತು ದಿಕ್ಸೂಚಿಯ ಯಾವ ತುದಿ ಕಡ್ಡಿಗಳ ಮೇಲ್ಭಾಗದತ್ತ ತಿರುಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಸುತ್ತುವವರ ಕೈಗೆ ಪಿಕಪ್ಪಿನ ಜೊತೆಗೇ ಕೊಡಿ. ಕತ್ತರಿಸಿ ತೆಗೆದ ಹಳೆಯ ಎಳೆಯನ್ನೂ ಕೇಳಿ ಪಡೆದುಕೊಳ್ಳಿ.