ಟಿಬಿ ಬ್ಯಾಕ್ಟೀರಿಯಾ, ಮೂರು ವರ್ಷದ ಕರಾರು: ಜರ್ಮನಿಗೆ ಬರುವ ಮುಂಚೆ

ನಮಸ್ಕಾರ. ಮೊದಲು ಅಭಿನಂದನೆ. ಜರ್ಮನಿಯಲ್ಲಿ ಟಿಬಿ ಬ್ಯಾಕ್ಟೀರಿಯಾದ ಮೇಲೆ ಪಿಎಚ್‌ಡಿ ಸಿಕ್ಕಿದೆ, ಮೂರು ವರ್ಷದ ಕರಾರು, 65 ಪರ್ಸೆಂಟ್ ಸಂಬಳ ಅಂತ ಬರೆದಿದ್ದೀರಿ. ಅಲ್ಲಿನ ಬದುಕು ಹೇಗೆ, ಮುಂದೆ ಅಲ್ಲೇ ನೆಲೆಸಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದು ಇಲ್ಲೇ ಉಳಿದವರಲ್ಲಿ ಒಬ್ಬಳು. ಹವಾಮಾನ, ಮನೆ ಬಾಡಿಗೆ ಬಗ್ಗೆ ನಿಮಗೆ ಯಾರು ಬೇಕಾದರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಸಮಯದ ಲೆಕ್ಕ. ಅದನ್ನೇ ಜಾಸ್ತಿ ಬರೆಯುತ್ತೇನೆ.

ಇ. ಕೋಲೈ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ಸಂಜೆ ಪ್ಲೇಟ್‌ಗೆ (ಆಹಾರ ಇರುವ ಚಪ್ಪಟೆ ತಟ್ಟೆಗೆ) ಹಾಕಿದರೆ ಬೆಳಿಗ್ಗೆ ಕಾಲೊನಿ, ಅಂದರೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪು, ರೆಡಿ. ನಿಮ್ಮ ಟಿಬಿ ಬ್ಯಾಕ್ಟೀರಿಯಾಗೆ ಒಮ್ಮೆ ಎರಡಾಗುವುದಕ್ಕೇ ಹೆಚ್ಚುಕಡಿಮೆ ಒಂದು ದಿನ ಬೇಕು. ಫ್ರೀಜರ್‌ನಿಂದ ತೆಗೆದು ದ್ರವದಲ್ಲಿ ಬೆಳೆಸಿ, ಔಷಧಿ ಹಾಕಿ, ಪ್ಲೇಟ್ ಮೇಲೆ ಹರಡಿ, ಮೂರು ನಾಲ್ಕು ವಾರ ಕಾದ ಮೇಲೆ ಕೆನೆ ಬಣ್ಣದ, ಒಣಗಿದ, ಸುಕ್ಕುಸುಕ್ಕಾದ ಕಾಲೊನಿಗಳು ಕಾಣುತ್ತವೆ. ಅಷ್ಟರೊಳಗೆ ಒಂದು ಬೂಷ್ಟು ಬಂದು ಕೂತರೆ ಎಲ್ಲ ಮೊದಲಿಂದ. ಪ್ರತಿ ಪ್ರಯೋಗವನ್ನೂ ಕನಿಷ್ಠ ಮೂರು ಸಲ ಮಾಡಲೇಬೇಕಲ್ವಾ? ಹೀಗೆ ಲೆಕ್ಕ ಹಾಕಿ ನೋಡಿ, ಮೂರು ವರ್ಷ ಎಷ್ಟು ಬೇಗ ಕರಗುತ್ತದೆ ಅಂತ ಗೊತ್ತಾಗುತ್ತದೆ.

ಮೇಲಾಗಿ ಮೊದಲ ದಿನವೇ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಟಿಬಿ ಕೆಲಸ ನಡೆಯುವುದು ಮೂರನೇ ಸುರಕ್ಷತಾ ಹಂತದ ಲ್ಯಾಬ್‌ನಲ್ಲಿ. ತರಬೇತಿ ಮುಗಿಯಬೇಕು, ಕೆಲಸ ಕೊಟ್ಟ ಸಂಸ್ಥೆಯ ಡಾಕ್ಟರ್ ತಪಾಸಣೆ ಆಗಬೇಕು. ರಕ್ತ ತೆಗೆದು ಟಿಬಿ ಪರೀಕ್ಷೆ ಮಾಡುವುದು ಸಾಮಾನ್ಯ. ಪಾಸಿಟಿವ್ ಬಂದರೆ ಹೆದರಬೇಡಿ. ಪ್ರಪಂಚದ ಸುಮಾರು ಕಾಲು ಭಾಗ ಜನರ ಮೈಯಲ್ಲಿ ಈ ಬ್ಯಾಕ್ಟೀರಿಯಾ ಸೋಂಕು ಆಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಮುಂದೇನು ಅಂತ ಡಾಕ್ಟರ್ ಹೇಳುತ್ತಾರೆ.

ಒಳಗಿನ ಕೆಲಸ ಹೇಗಿರುತ್ತದೆ ಅಂದರೆ, ಬಟ್ಟೆ ಬದಲಿಸಿ ಗೌನ್ ಹಾಕಬೇಕು, ಎರಡು ಜೊತೆ ಗ್ಲೌಸ್, ಮುಖಕ್ಕೆ ಬಿಗಿಯಾದ ಮಾಸ್ಕ್. ಗಾಳಿ ಹೊರಗಿಂದ ಒಳಗೆ ಮಾತ್ರ ಹರಿಯುತ್ತದೆ. ಕೈ ಕ್ಯಾಬಿನೆಟ್ (ಮುಂದೆ ಗಾಜಿರುವ ಸುರಕ್ಷತಾ ಪೆಟ್ಟಿಗೆ) ಒಳಗೇ ಇರಬೇಕು, ನಿಧಾನವಾಗಿ ಆಡಬೇಕು. ಹೊರಗೆ ಬರುವ ಕಸ ಆಟೋಕ್ಲೇವ್ ಅನ್ನುವ ಹಬೆಯ ಯಂತ್ರದಲ್ಲಿ 121 ಡಿಗ್ರಿಯಲ್ಲಿ ಬೆಂದೇ ಬರಬೇಕು. ಬರೆದುಕೊಂಡ ಹಾಳೆಯನ್ನು ಹಾಗೇ ಕೈಯಲ್ಲಿ ಹಿಡಿದು ಬರುವ ಹಾಗಿಲ್ಲ. ನೀರು ಕುಡಿಯುವುದು, ಬಾತ್‌ರೂಮ್‌ಗೆ ಹೋಗುವುದು ಎಲ್ಲ ಮೊದಲೇ ಮುಗಿಸಿಕೊಂಡು ಹೋಗಬೇಕು. ಒಂದು ಸಲ ಒಳಗೆ ಹೋದರೆ ಮೂರು ನಾಲ್ಕು ಗಂಟೆ ನೀವು, ನಿಮ್ಮ ಟ್ಯೂಬ್‌ಗಳು ಅಷ್ಟೇ. ನನಗಂತೂ ಆ ಏಕಾಗ್ರತೆ ಇವತ್ತಿಗೂ ಇಷ್ಟ.

ಅದಕ್ಕೇ ಸಹಿ ಹಾಕುವ ಮುಂಚೆ ಪ್ರೊಫೆಸರ್‌ಗೆ ಇದನ್ನು ಕೇಳಿ: ನಾನು ಒಳಗೆ ಕೆಲಸ ಶುರು ಮಾಡುವುದು ಯಾವ ತಿಂಗಳಿಂದ? ಸ್ಮೆಗ್ಮಾಟಿಸ್ ಮೇಲೆಯೂ ಒಂದು ಭಾಗ ಇದೆಯಾ? ಅದು ಟಿಬಿ ಬ್ಯಾಕ್ಟೀರಿಯಾದ ಬಳಗದ್ದೇ, ಆದರೆ ಮೂರು ನಾಲ್ಕು ಗಂಟೆಗೆ ಎರಡಾಗುತ್ತದೆ, ಮೂರು ನಾಲ್ಕು ದಿನಕ್ಕೆ ಕಾಲೊನಿ ಕೊಡುತ್ತದೆ. ನಿಧಾನದ ಕೆಲಸದ ಪಕ್ಕದಲ್ಲಿ ಹೀಗೆ ಬೇಗ ಮುಗಿಯುವ ಒಂದು ಕೆಲಸ ಇರಲೇಬೇಕು. ನಾಲ್ಕನೇ ವರ್ಷಕ್ಕೆ ದುಡ್ಡು ಎಲ್ಲಿಂದ ಅಂತಲೂ ಕೇಳಿ. ಇಲ್ಲಿ ಹಾಗೆ ಕೇಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಸಂಕೋಚ ಬೇಡ.

65 ಪರ್ಸೆಂಟ್ ಅಂದರೆ ಇ13 ಅನ್ನುವ ಶ್ರೇಣಿಯ ಸಂಬಳದಲ್ಲಿ ಅಷ್ಟು ಭಾಗ. ಕಾಗದದಲ್ಲಿ ಕೆಲಸವೂ ಅಷ್ಟೇ ಹೊತ್ತು, ಲ್ಯಾಬ್‌ನಲ್ಲಿ ಮಾತ್ರ ಎಲ್ಲರೂ ಪೂರ್ತಿ ಹೊತ್ತು ಇರುತ್ತಾರೆ. ಇದು ಸರಿ ಅಂತ ನಾನು ಹೇಳುವುದಿಲ್ಲ. ಆದರೂ ಸ್ಟೈಪೆಂಡ್‌ಗಿಂತ ಕರಾರೇ ಒಳ್ಳೆಯದು. ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಅದರಲ್ಲೇ ಬರುತ್ತದೆ. ವರ್ಷಕ್ಕೆ 30 ದಿನ ರಜೆ ಇರುತ್ತದೆ. ಆ ರಜೆಯನ್ನು ಸುಮ್ನೆ ಬಿಟ್ಟುಕೊಡಬೇಡಿ.

ಈಗ ನೆಲೆಸುವ ಮಾತು. ಇಲ್ಲಿ ವಿಜ್ಞಾನಿಗಳ ತಾತ್ಕಾಲಿಕ ಕರಾರಿಗೆಂದೇ 2007ರಿಂದ ಒಂದು ಕಾನೂನು ಇದೆ. ಪಿಎಚ್‌ಡಿ ಮುಗಿಯುವ ಮುಂಚೆ ಹೆಚ್ಚೆಂದರೆ ಆರು ವರ್ಷ, ಆಮೇಲೆ ಆರು ವರ್ಷ ಅಂಥ ಕರಾರಿನಲ್ಲಿ ಇರಬಹುದು. ಮಕ್ಕಳಿದ್ದರೆ ಸ್ವಲ್ಪ ಹೆಚ್ಚು. ಅದು ಮುಗಿದರೆ ಕಾಯಂ ಹುದ್ದೆ ಸಿಗಬೇಕು, ಇಲ್ಲವೇ ಯಾವುದಾದರೂ ಪ್ರಾಜೆಕ್ಟ್ ದುಡ್ಡಿನಲ್ಲಿ ಮುಂದುವರಿಯಬೇಕು. ಕಾಯಂ ಹುದ್ದೆಗಳು ತುಂಬಾ ಕಡಿಮೆ. ಎಮ್ಯಾನುಯೆಲ್ ಶಾರ್ಪೆಂಟಿಯೆ ಅವರನ್ನೇ ನೋಡಿ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಕ್ರಿಸ್ಪರ್ (ಡಿಎನ್‌ಎ ಕತ್ತರಿಸುವ ವ್ಯವಸ್ಥೆ) ರಹಸ್ಯ ಬಿಡಿಸಿದ್ದಕ್ಕೆ 2020ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಅವರು ಪ್ಯಾರಿಸ್, ಅಮೆರಿಕ, ವಿಯೆನ್ನಾ, ಸ್ವೀಡನ್ನಿನ ಉಮಿಯೊ, ಬ್ರೌನ್‌ಶ್ವೈಗ್ ಅಂತ ಸುತ್ತಿ ಬರ್ಲಿನ್ ಸೇರಿದ್ದರು. ಅಂಥವರಿಗೂ ಅಷ್ಟು ಊರು ಬದಲಾಯಿಸಬೇಕಾಯಿತು. ಪ್ರೊಫೆಸರ್ ಆಗಲೇಬೇಕು ಅಂತಿದ್ದರೆ ಪೆಟ್ಟಿಗೆ ಕಟ್ಟಿಕೊಂಡೇ ಇರಿ. ಒಂದೇ ಊರಲ್ಲಿ ಬೇರೂರುವ ಆಸೆ ಇದ್ದರೆ ಬೇರೆ ದಾರಿಗಳನ್ನು ಮೊದಲ ವರ್ಷದಿಂದಲೇ ನೋಡಿ.

ಆ ದಾರಿಗಳು ಚೆನ್ನಾಗಿವೆ, ಕೀಳು ಅಂತ ಅಂದುಕೊಳ್ಳಬೇಡಿ. ಆಸ್ಪತ್ರೆಗಳ ಮೈಕ್ರೋಬಯಾಲಜಿ ವಿಭಾಗ, ರೋಗಪರೀಕ್ಷೆ ಲ್ಯಾಬ್‌ಗಳು, ಔಷಧಿ ಕಂಪನಿಯ ಗುಣಮಟ್ಟ ವಿಭಾಗ ಇವೆ. ಬ್ರೌನ್‌ಶ್ವೈಗ್‌ನ ಡಿಎಸ್‌ಎಂಝಡ್‌ನಲ್ಲಿ ಸಾವಿರಾರು ಬಗೆಯ ಬ್ಯಾಕ್ಟೀರಿಯಾಗಳನ್ನು ಕಾಪಾಡಿ ಪ್ರಪಂಚಕ್ಕೆಲ್ಲ ಕಳಿಸುತ್ತಾರೆ. ನಿಮ್ಮ ವಿಷಯಕ್ಕೆ ಹತ್ತಿರದ್ದು ಬೋರ್ಸ್ಟೆಲ್ ಊರಿನ ಸಂಶೋಧನಾ ಕೇಂದ್ರ. ಟಿಬಿ ಬಳಗದ ಬ್ಯಾಕ್ಟೀರಿಯಾಗಳಿಗೆ ಇಡೀ ದೇಶದ ರೆಫರೆನ್ಸ್ ಲ್ಯಾಬ್ (ಬೇರೆ ಲ್ಯಾಬ್‌ಗಳು ಖಚಿತಪಡಿಸಿಕೊಳ್ಳಲು ಮೊರೆಹೋಗುವ ಲ್ಯಾಬ್) ಅಲ್ಲಿದೆ. ಇಂಥ ಕಡೆ ಬಹಳಷ್ಟು ಕೆಲಸಕ್ಕೆ ಜರ್ಮನ್ ಬೇಕೇ ಬೇಕು. ರಿಸರ್ಚ್ ಲ್ಯಾಬ್‌ನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ, ಆ ಆರಾಮಕ್ಕೆ ಬಿದ್ದರೆ ವರ್ಷಗಳು ಹೋಗಿಬಿಡುತ್ತವೆ. ಜರ್ಮನ್ ಭಾಷೆಯ ಬಿ1 ಅನ್ನುವ ಮಧ್ಯಮ ಮಟ್ಟ ಮುಗಿಸಿ. ಮುಂದೆ ಖಾಯಂ ವಾಸದ ಪರವಾನಗಿಗೂ ಅದು ನೆರವಾಗುತ್ತದೆ.

ಒಂಟಿತನ ಕಾಡುತ್ತದಾ ಅಂತಲೂ ಕೇಳಿದ್ದೀರಿ. ಮೊದಲ ಚಳಿಗಾಲದಲ್ಲಿ ಕಾಡುತ್ತದೆ. ಇಲ್ಲಿ ಸ್ನೇಹ ನಿಧಾನ, ಆದರೆ ಗಟ್ಟಿ. ಹೊರಗಿನವರಿಗೆ ಈ ವಿಜ್ಞಾನದಲ್ಲಿ ಜಾಗ ಇಲ್ಲ ಅನ್ನಿಸಿದ ದಿನ ಫ್ಯಾನಿ ಹೆಸ್ಸೆ ಅವರನ್ನು ನೆನೆಸಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಹುಟ್ಟಿ ಜರ್ಮನಿಗೆ ಸೊಸೆಯಾಗಿ ಬಂದವರು. ಗಂಡನ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಆಹಾರವನ್ನು ಗಟ್ಟಿ ಮಾಡಲು ಹಾಕುತ್ತಿದ್ದ ಜೆಲಾಟಿನ್ ಬೇಸಿಗೆಯಲ್ಲಿ ಕರಗಿ ಹೋಗುತ್ತಿತ್ತು. ಅದರ ಬದಲು ಅಗಾರ್ (ಕಡಲಪಾಚಿಯಿಂದ ತೆಗೆದ ಗಟ್ಟಿಯಾಗುವ ಪದಾರ್ಥ) ಹಾಕಿ ಅಂತ 1881ರಲ್ಲಿ ಸೂಚಿಸಿದವರು ಅವರೇ. ಜಾವಾದಲ್ಲಿ ಇದ್ದು ಬಂದವರಿಂದ ಅವರು ಅದನ್ನು ಕಲಿತಿದ್ದರು. ಟಿಬಿ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕೋಖ್ 1882ರಲ್ಲಿ ಟಿಬಿ ಬಗ್ಗೆ ಬರೆದಾಗ ಅಗಾರ್ ಹೆಸರು ಬಂತು, ಫ್ಯಾನಿ ಹೆಸರು ಬರಲಿಲ್ಲ. ಇದು ನನಗೆ ಇಂದಿಗೂ ಬೇಸರ ತರುತ್ತದೆ. ನಿಮ್ಮ ಕೆಲಸಕ್ಕೆ ನಿಮ್ಮ ಹೆಸರು ಸೇರುತ್ತದೆಯೇ ಅಂತ ಮೊದಲೇ ಮಾತಾಡಿಕೊಳ್ಳಿ. ಪೇಪರ್‌ನಲ್ಲಿ ಯಾರ ಹೆಸರು ಎಲ್ಲಿ ಅನ್ನುವುದನ್ನು ಪ್ರಯೋಗ ಶುರುವಾಗುವ ಮುಂಚೆಯೇ ಕೇಳಬಹುದು.

ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಸರ್ಕಾರಿ ವೇತನ ಒಪ್ಪಂದದ ಕೆಲಸವಾದರೆ ವಿಬಿಎಲ್ ಅನ್ನುವ ಹೆಚ್ಚುವರಿ ಪಿಂಚಣಿ ಇರುತ್ತದೆ. ಅದರ ಮಾಮೂಲಿ ಯೋಜನೆಯಲ್ಲಿ ಹಕ್ಕು ಬರಬೇಕಾದರೆ 60 ತಿಂಗಳು ಕಟ್ಟಬೇಕು, ನಿಮ್ಮದು ಮೂರೇ ವರ್ಷ. ವಿಜ್ಞಾನಿಗಳಿಗೆ ಆ ಷರತ್ತಿಲ್ಲದ ಇನ್ನೊಂದು ಯೋಜನೆ ಇದೆ. ಆದರೆ ಕೆಲಸಕ್ಕೆ ಸೇರಿದ ಎರಡು ತಿಂಗಳೊಳಗೆ ಅರ್ಜಿ ಹಾಕಬೇಕು. ಸೇರಿದ ವಾರವೇ ಆಡಳಿತ ಕಚೇರಿಯಲ್ಲಿ ಆ ಫಾರಂ ಕೇಳಿ ಪಡೆಯಿರಿ.