ಹಿತ್ತಾಳೆ ಚೊಂಬಿಗೆ ಎರಡು ನೆರಳು: ಮೊದಲು ಟ್ಯೂಬ್‌ಲೈಟ್ ಆರಿಸಿ

ಮೂಡಿಗೆರೆಯಿಂದ ಹಿತ್ತಾಳೆ ಚೊಂಬು, ದೀಪ, ವೀಳ್ಯದೆಲೆ ತಟ್ಟೆ, ಪ್ಲಾಸ್ಟಿಕ್ ತಲೆಬುರುಡೆ ಇಟ್ಟು ಎಣ್ಣೆಬಣ್ಣದಲ್ಲಿ ಬರೆದ ಸ್ಟಿಲ್ ಲೈಫ್ (ವಸ್ತುಗಳನ್ನು ಜೋಡಿಸಿಟ್ಟು ನೋಡಿ ಬರೆಯುವ ಚಿತ್ರ) ಹಾಕಿ "ಚೊಂಬು ಯಾಕೆ ಚಪ್ಪಟೆ ಕಾಣುತ್ತಿದೆ" ಅಂತ ಕೇಳಿದವರಿಗೆ. ಬಣ್ಣದ್ದೇನೂ ತಪ್ಪಿಲ್ಲ. ಚೊಂಬಿನ ಎಡಕ್ಕೊಂದು, ಬಲಕ್ಕೊಂದು ನೆರಳು ಬಿದ್ದಿದೆ ನೋಡಿ. ಕಿಟಕಿ ತೆರೆದಿದೆ, ಟ್ಯೂಬ್‌ಲೈಟೂ ಉರಿಯುತ್ತಿದೆ, ಜೊತೆಗೆ ಹಚ್ಚಿದ ದೀಪ ಬೇರೆ! ಹೀಗಾದರೆ ಯಾವ ವಸ್ತುವಿಗೂ ಕತ್ತಲ ಬದಿ ಉಳಿಯುವುದಿಲ್ಲ. ನಾವೆಲ್ಲ ಶುರುವಿನಲ್ಲಿ ಬಿದ್ದ ಗುಂಡಿಯೇ ಇದು.

ಬೆಳಕು ಒಂದೇ ಕಡೆಯಿಂದ ಬರುವಂತೆ ಮಾಡಲು ನನಗೆ ಕೈಹಿಡಿದದ್ದು ರಟ್ಟಿನ ಡಬ್ಬ, ವಸ್ತುಗಳನ್ನು ಅದರೊಳಗೇ ಜೋಡಿಸುವುದು. ಮಿಕ್ಸಿಯದ್ದು ಸಾಲದು, ಟಿವಿ ಬಂದದ್ದು ಬೇಕು. ಮುಂದಿನ ಬದಿ, ಎಡಬದಿ ಎರಡನ್ನೂ ಕತ್ತರಿಸಿ ತೆಗೆಯಿರಿ. ಮೇಲ್ಗಡೆ ಮುಚ್ಚಿಯೇ ಇರಲಿ. ಒಳಗೆ ಕಪ್ಪು ಅಥವಾ ಕಾಫಿ ಬಣ್ಣದ ಹತ್ತಿ ಬಟ್ಟೆ. ಸ್ಯಾಟಿನ್ ಬೇಡವೇ ಬೇಡ, ಹೊಳೆಯುತ್ತದೆ. ಎಡಬದಿ ಕಿಟಕಿ ಕಡೆ ಬರಲಿ. ಬಲಗಡೆ ತೀರಾ ಕಪ್ಪಾದರೆ ಅಲ್ಲೊಂದು ಬಿಳಿ ಹಾಳೆ ನಿಲ್ಲಿಸಿ, ಹಿಂದೆ ಮುಂದೆ ಸರಿಸುತ್ತಾ ನೋಡಿ. ಗಡಿಬಿಡಿ ಮಾಡಬೇಡಿ, ಅರ್ಧ ಚಿತ್ರ ಇಲ್ಲೇ ಆಗಿಬಿಡುತ್ತದೆ. ಕಣ್ಣು ಕಿರಿದು ಮಾಡಿದರೆ ಪ್ರತಿ ವಸ್ತುವಿಗೂ ಒಂದು ಬೆಳಕಿನ ಬದಿ, ಒಂದು ಕತ್ತಲ ಬದಿ ಕಾಣಬೇಕು. ಇಲ್ಲದಿದ್ದರೆ ಮನೆಯಲ್ಲಿ ಯಾರೋ ಲೈಟ್ ಹಾಕಿದ್ದಾರೆ ಅಂತ ಅರ್ಥ.

ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಅದೇ ಒಳ್ಳೇದು ಅಂತ ಪುಸ್ತಕದಲ್ಲಿ ಓದಿ ಸುಮ್ನೆ ನಂಬಬೇಡಿ. ಅದು ಯುರೋಪಿನ ಲೆಕ್ಕ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ, ಸಂಜೆ ಆ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ಆಗ ಕಿಟಕಿಗೆ ಹಳೇ ಬಿಳಿ ಪಂಚೆ ಕಟ್ಟಿ, ಬೆಳಕು ಮೆತ್ತಗಾಗುತ್ತದೆ. ಮಳೆ ಹಿಡಿದ ಮೇಲೆ ಮೋಡವೇ ಪಂಚೆ.

ಇನ್ನು ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೀರಿ, ಯಾಕೆ? ಕಿಟಕಿ, ಸ್ಟೂಲು, ನೀವು, ಎಲ್ಲ ಅದರಲ್ಲಿ ಕಾಣುತ್ತಿದೆ. ಫ್ಲೆಮಿಶ್ ಚಿತ್ರಗಾರ್ತಿ ಕ್ಲಾರಾ ಪೀಟರ್ಸ್ 1612ರಲ್ಲಿ ಬಟ್ಟಲಿನ ಉಬ್ಬುಗಳಲ್ಲಿ ತನ್ನ ಮುಖವನ್ನೇ ಪುಟ್ಟದಾಗಿ ಬರೆದಳು, ಆದರೆ ಅದು ಬೇಕಂತಲೇ. ನಿಮ್ಮದು ಹಾಗಲ್ಲ ಅಲ್ವಾ? ಗೋಲ್ಡ್ ಬಣ್ಣ ಮಾತ್ರ ಮುಟ್ಟಬೇಡಿ. ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಅಂಬರ್ (ಗಾಢ ಕಂದು) ಸಾಕು. ಹೊಳಪಿನ ಚುಕ್ಕೆ ಕೊನೆಗೆ, ಒಂದೇ ಒಂದು. ಈ ಮಣ್ಣಿನ ಬಣ್ಣಗಳಿಗೆ ಕ್ಯಾಮೆಲ್ ಕಂಪನಿಯದ್ದು ಧಾರಾಳವಾಗಿ ನಡೆಯುತ್ತದೆ. ದುಡ್ಡಿದ್ದರೆ ಬಿಳಿ ಬಣ್ಣ, ಅಂದರೆ ಟೈಟಾನಿಯಂ ವೈಟ್ ಮಾತ್ರ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯದ್ದು ತಗೊಳ್ಳಿ.

ಆ ಪ್ಲಾಸ್ಟಿಕ್ ತಲೆಬುರುಡೆ ಎತ್ತಿಡಿ ಮಾರಾಯ್ರೇ. 17ನೇ ಶತಮಾನದ ಡಚ್ಚರು ಬುರುಡೆ, ಆರಿದ ಮೇಣದಬತ್ತಿ, ಗಡಿಯಾರ ಇಟ್ಟು ಯಾವುದೂ ಉಳಿಯುವುದಿಲ್ಲ ಅಂತ ಹೇಳುತ್ತಿದ್ದರು. ನೋಡುವವರಿಗೂ ಅದು ಗೊತ್ತಿತ್ತು. ನಿಮ್ಮ ತಟ್ಟೆಯಲ್ಲಿ ಬಾಡುತ್ತಿರುವ ವೀಳ್ಯದೆಲೆಯೇ ಇದೆಯಲ್ಲ! ಇಟಲಿಯ ಚಿತ್ರಗಾರ ಕಾರವಾಜ್ಜಿಯೊ ತನ್ನ ಹಣ್ಣಿನ ಬುಟ್ಟಿಯ ಚಿತ್ರದಲ್ಲಿ ಹುಳು ಕೊರೆದ ಸೇಬನ್ನೇ ಮುಂದಕ್ಕಿಟ್ಟ. ಎಲೆ ಬದಲಿಸಬೇಡಿ. ಎಲೆಯನ್ನೇ ಮೊದಲು ಬರೆಯಿರಿ, ಅಂಚು ಮುದುರಿದಾಗ ಅದನ್ನೂ ಸೇರಿಸಿ. ಆರಿದ ದೀಪ ಬರೆಯುವುದಾದರೆ ಮಾತ್ರ ಮನೆಯವರನ್ನು ಕೇಳಿ. ನಡುಮನೆಯಲ್ಲಿ ಅದನ್ನು ತೂಗುಹಾಕಲು ಬಿಡುವವರು ಕಡಿಮೆ.

ಮಳೆಗಾಲದಲ್ಲಿ ಕ್ಯಾನ್ವಾಸನ್ನು ಗೋಡೆಗೆ ಒರಗಿಸಬೇಡಿ, ಬೆನ್ನಿಗೆ ಬೂಷ್ಟು ಬರುತ್ತದೆ. ಗಾಳಿಯಾಡುವ ಕಡೆ ಇಡಿ. ಹಾಗಂತ ಕತ್ತಲೆ ಅಟ್ಟಕ್ಕೆ ಹಾಕಿದರೆ ಬಣ್ಣದಲ್ಲಿರುವ ಅಗಸೆ ಎಣ್ಣೆ ಹಳದಿಯಾಗುತ್ತದೆ, ಬೆಳಕೂ ಬೇಕು.